ವೆರ್ನಾಳ ಒಂಬತ್ತನೇ ಚಂದ್ರ

ಕೈಯಲ್ಲಿ ಕಾಳು-ಮಾಂಸದ ಬಿಸಿ ಬಿಸಿ ಚಿಲಿ ಸಾರು ತುಂಬಿದ ಪಾತ್ರೆ, ಅದರ ಮೇಲೆ ದಾಲ್ಚಿನ್ನಿ ರೋಲುಗಳ ಪೊಟ್ಟಣ ಹಿಡಿದುಕೊಂಡು ಆರೈಕೆ ಕೇಂದ್ರದ ಕಾರಿಡಾರಿನಲ್ಲಿ ನಡೆದು ಬರುತ್ತಿದ್ದ ವೆರ್ನಾ ಡಾಲ್ಕಿ, ಪಿಟೀಲಿನ ಸದ್ದು ಕೇಳಿ ಗಕ್ಕನೆ ನಿಂತಳು. ನಾರ್ತ್ ಪ್ಲಾಟ್ ಊರಿನಲ್ಲಿ ಆ ರಾಗವನ್ನು ಅವಳಷ್ಟು ಸಲ ಕೇಳಿದವರು ಇನ್ನೊಬ್ಬರಿರಲಿಲ್ಲ. 'ಒಂಬತ್ತನೇ ಚಂದ್ರ' ಧಾರಾವಾಹಿಯಲ್ಲಿ ಕಂತು ಮುಗಿಯುವಾಗ ಬರುವ ರಾಗ ಅದು.

ಸದ್ದು ಬರುತ್ತಿದ್ದದ್ದು ರೋಗಿಗಳು ಕೂತು ಟಿ.ವಿ. ನೋಡುವ ಕೋಣೆಯಿಂದ. ವೆರ್ನಾ ಬಾಗಿಲ ಸಂದಿಯಲ್ಲಿ ಇಣುಕಿದಳು. ಹೊಸ ಮಂಡಿ ಹಾಕಿಸಿಕೊಂಡ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಅವಳ ಗಂಡ ಆರ್ಲಿನ್ ಕೂತಿದ್ದ. ಪಕ್ಕದ ಗಾಲಿಕುರ್ಚಿಯಲ್ಲಿ ಬೆಳ್ಳಿಕೂದಲನ್ನು ಜಡೆ ಹಾಕಿಕೊಂಡ ಒಬ್ಬ ಹೆಂಗಸು. ಇಬ್ಬರ ನಡುವೆ ಕಾಗದದ ಕರವಸ್ತ್ರದ ಒಂದೇ ಡಬ್ಬಿ. ಆರ್ಲಿನ್ ಅದರಿಂದ ಒಂದನ್ನು ಎಳೆದು ಕಣ್ಣೊರೆಸಿಕೊಂಡ. ಇನ್ನೊಂದನ್ನು ಎಳೆದು ಆ ಹೆಂಗಸಿಗೆ ಕೊಟ್ಟ.

ವೆರ್ನಾ ಬಾಗಿಲು ತಳ್ಳಲು ಎತ್ತಿದ ಮೊಣಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಅವನು ಅತ್ತದ್ದನ್ನು ಅವಳು ನೋಡಿದ್ದೇ ಅಪರೂಪ. ರೈಲು ಯಾರ್ಡಿನಲ್ಲಿ ಜೀವಮಾನವಿಡೀ ದುಡಿದ ಮನುಷ್ಯ, ತನ್ನ ತಾಯಿಯ ಮಣ್ಣಿಗೆ ಹೋದಾಗಲೂ ಗಂಟಲು ಕೆರೆದುಕೊಂಡು ಆಕಾಶ ನೋಡಿದ್ದ. ಅಂಥವನು ಈಗ ಅಳುತ್ತಿದ್ದಾನೆ. ಅದೂ ಅವಳ ಧಾರಾವಾಹಿ ನೋಡಿಕೊಂಡು.

ಅವಳ ಧಾರಾವಾಹಿ ಎಂದರೆ ಅವಳದೇ. ಮಗಳು ಕೋರಲ್ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದು ಶುಕ್ರವಾರ ಸಂಜೆ ಬರುತ್ತಿತ್ತು. ನೀರಿಲ್ಲದ ಒಂದು ಚಂದ್ರನಿಂದ ಹುಲ್ಲಿರುವ ಇನ್ನೊಂದು ಚಂದ್ರನಿಗೆ ದನದ ಮಂದೆಯನ್ನು ಹಳೇ ಅಂತರಿಕ್ಷ ಹಡಗಿನಲ್ಲಿ ತುಂಬಿಕೊಂಡು ಹೋಗುವವರ ಕತೆ. ಹಡಗಿನ ಒಡತಿ ಹ್ಯಾಟಿ ಬ್ರೂಮ್ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವವಳು. ಅಡುಗೆಯವ ಮುದುಕ ಪೆಕ್, ಎಲ್ಲರನ್ನೂ ಬೈಯುತ್ತಲೇ ಎಲ್ಲರ ಹೊಟ್ಟೆ ನೋಡಿಕೊಳ್ಳುವವನು. ಮೊದಲ ಕಂತಿಗೇ ವೆರ್ನಾ ಮರುಳಾಗಿದ್ದಳು. ಬಾ, ಕೂತು ನೋಡು ಎಂದು ಆರ್ಲಿನ್‌ನನ್ನು ಕರೆದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಆಕಾಶದಲ್ಲಿ ದನ ಕಾಯೋದಾ? ಸಗಣಿ ಎಲ್ಲಿ ಹಾರುತ್ತೆ ಕಣೇ?" ಎಂದು ಗರಾಜಿಗೆ ಹೋಗಿದ್ದ.

ಆಮೇಲೆ ಅವಳು ಕರೆದಾಗಲೆಲ್ಲ ಗರಾಜೇ ಅವನಿಗೆ ಆಸರೆ. ಒಂದೇ ಸೀಸನ್ನಿಗೆ ಚಾನೆಲ್ಲಿನವರು ಧಾರಾವಾಹಿಯನ್ನು ನಿಲ್ಲಿಸಿಬಿಟ್ಟಾಗ ವೆರ್ನಾ ಅವರಿಗೆ ಕಾರ್ಡಿನ ಮೇಲೆ ಕಾರ್ಡು ಬರೆದಳು. ಅಭಿಮಾನಿಗಳ ಕೂಟಕ್ಕೆಂದು ಒಬ್ಬಳೇ ಬಸ್ಸು ಹತ್ತಿ ಡೆನ್ವರಿಗೆ ಹೋಗಿ ಬಂದಳು. ಕಂಪ್ಯೂಟರಿನಲ್ಲಿ ಎಲ್ಲೆಲ್ಲಿಯವರ ಜೊತೆಗೋ ಜಗಳವಾಡಿದಳು. ಮನೆಯಲ್ಲಿ ಮಾತ್ರ ಅವಳ ಮಾತು ಕೇಳುವವರಿರಲಿಲ್ಲ. ಬರಬರುತ್ತಾ ಕರೆಯುವುದನ್ನೂ ಬಿಟ್ಟಳು.

"ಅಯ್ಯೋ, ವೆರ್ನಾ! ಯಾವಾಗ ಬಂದೆ?" ಆರ್ಲಿನ್ ಅವಳನ್ನು ನೋಡಿ ಮುಖ ಅರಳಿಸಿದ. "ಬಾ ಬಾ. ಇವರು ಟ್ವೈಲಾ ಸ್ವೋಬೋದ. ಸೊಂಟದ ಮೂಳೆ ಮುರಿದುಕೊಂಡು ಬಂದಿದಾರೆ. ಆ ಕಪಾಟಿನಲ್ಲಿದ್ದ ಸಿ.ಡಿ. ಡಬ್ಬಿ ಹುಡುಕಿ ತೆಗೆದಿದ್ದು ಇವರೇ."

"ಡಬ್ಬಿ ಮೇಲೆ ಕುದುರೆ ಚಿತ್ರ ಇತ್ತು ನೋಡಿ, ಅದಕ್ಕೇ ತಗೊಂಡೆ," ಎಂದಳು ಟ್ವೈಲಾ. "ನಾನು ಕುದುರೆ ಸಾಕಿದವಳು. ಇದರಲ್ಲಿ ಇರೋದು ಬರೀ ದನ! ಆದರೂ ಬಿಡೋಕಾಗ್ಲಿಲ್ಲ. ನಿಮಗೂ ಇದು ಸ್ವಲ್ಪ ಇಷ್ಟ ಅಂತೆ, ಆರ್ಲಿನ್ ಹೇಳ್ತಿದ್ರು."

"ಸ್ವಲ್ಪ," ಎಂದಳು ವೆರ್ನಾ.

"ಒಂದು ವಿಷಯ ಗೊತ್ತಾ ವೆರ್ನಾ?" ಆರ್ಲಿನ್ ಮುಂದಕ್ಕೆ ಬಾಗಿದ. "ಟ್ವೈಲಾ ಏನು ಹೇಳ್ತಾರೆ ಅಂದ್ರೆ, ಆ ಪೆಕ್ ಇದಾನಲ್ಲ, ಅವನು ಹ್ಯಾಟಿಯ ಸ್ವಂತ ಅಪ್ಪ ಇರಬೇಕು ಅಂತ. ಅವಳು ಸೂಪು ಕುಡಿಯೋವಾಗ ಅವನು ನೋಡೋ ರೀತಿ ಇದೆಯಲ್ಲ! ಎಂಥಾ ತಲೆ ಇವರದು!"

ಊಟದ ಮೇಜಿನಲ್ಲಿ ಇದೇ ಮಾತನ್ನು, ಇದೇ ಸೂಪಿನ ಸಮೇತ, ವೆರ್ನಾ ಅವನಿಗೆ ಎಷ್ಟು ಸಲ ಹೇಳಿದ್ದಳೋ. ಆಗೆಲ್ಲ ಅವನು "ಹ್ಞೂಂ, ಉಪ್ಪು ಕೊಡು" ಎಂದಿದ್ದ. ಈಗ ಅವಳು ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ, "ಚಿಲಿ ಆರಿಹೋಗುತ್ತೆ, ತಿನ್ನಿ," ಎಂದಳು. ಟ್ವೈಲಾ ಒಂದು ರೋಲನ್ನು ಮುರಿದು ಚಿಲಿಯಲ್ಲಿ ಅದ್ದಿ ಬಾಯಿಗಿಟ್ಟು, "ಆಹಾ, ದೇವರು ನಿಮಗೆ ಒಳ್ಳೇದು ಮಾಡಲಿ," ಎಂದಳು. ಕೆಟ್ಟ ಹೆಂಗಸಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ವೆರ್ನಾ ಅಂದುಕೊಂಡಳು.

ಮನೆಗೆ ಬಂದವಳೇ ಲಿಂಕನ್ ಊರಿನಲ್ಲಿದ್ದ ಮಗಳಿಗೆ ಫೋನು ಹಚ್ಚಿದಳು.

ಎಲ್ಲ ಕೇಳಿಸಿಕೊಂಡ ಕೋರಲ್, "ಅಮ್ಮಾ, ಸೊಂಟ ಮುರಿದುಕೊಂಡಿರೋ ಮುದುಕಿ ಮೇಲೆ ನಿನಗೆ ಹೊಟ್ಟೆಕಿಚ್ಚಾ?" ಎಂದು ನಕ್ಕಳು.

"ಹೊಟ್ಟೆಕಿಚ್ಚೂ ಇಲ್ಲ, ಗಿಚ್ಚೂ ಇಲ್ಲ. ನಿಮ್ಮಪ್ಪ ಅವಳನ್ನ ಮುದ್ದಾಡಿದ್ರೂ ನನಗೆ ಇಷ್ಟು ಬೇಜಾರಾಗ್ತಿರಲಿಲ್ಲ."

"ಏನಮ್ಮಾ ಹಾಗಂತೀಯಾ!"

"ನಿಜ ಕಣೇ. ಕೊನೇ ಬಾವಿ ಬತ್ತಿಹೋಗುತ್ತಲ್ಲ, ಆ ಬಾವಿ ಕಂತು ನೋಡಿ ಅತ್ತುಬಿಟ್ಟ. ಅಲ್ಲಿ ಯಾರಾದರೂ ಅಳ್ತಾರಾ ಅಂತ ನಾನು ಎಷ್ಟು ವರ್ಷ ಕಾದಿದೀನಿ ಗೊತ್ತಾ? ಅವನು ಅತ್ತಾಗ ಪಕ್ಕದಲ್ಲಿ ನಾನಿರಲಿಲ್ಲ."

ಕೋರಲ್ ನಗು ನಿಲ್ಲಿಸಿದಳು. "ಅಪ್ಪ ಮನೆಗೆ ಬಂದಮೇಲೆ ಇಬ್ಬರೂ ಕೂತು ಮೊದಲಿಂದ ನೋಡಿ. ಆಯ್ತಾ?" ಎಂದಳು.

ಆ ಮಾತು ವೆರ್ನಾಳಿಗೆ ಹಿಡಿಸಿತು. ಆರ್ಲಿನ್ ಮನೆಗೆ ಬರುವ ದಿನ ಅವಳು ತನ್ನ ಸಿ.ಡಿ.ಗಳ ಧೂಳು ಒರೆಸಿದಳು. ಅವನ ಒರಗು ಕುರ್ಚಿಯನ್ನು ಟಿ.ವಿ. ಎದುರಿಗೆ ಎಳೆದಳು, ಕಾಲಿಗೆ ದಿಂಬಿಟ್ಟಳು, ಎಲೆಕೋಸು ಮಾಂಸ ತುಂಬಿದ ಬನ್ನು ಬೇಯಿಸಿದಳು. ಹೊರಗೆ ಹಿಮ ಬೀಳುತ್ತಿತ್ತು. ಅವನು ವಾಕರ್ ಊರಿಕೊಂಡು ಬಂದು ಕೂತು, ಟಿ.ವಿ.ಯನ್ನೂ ಅವಳ ಕೈಯಲ್ಲಿದ್ದ ಸಿ.ಡಿ.ಯನ್ನೂ ನೋಡಿದ.

"ಮೊದಲಿಂದ ಹಾಕ್ಲಾ?" ಎಂದಳು ವೆರ್ನಾ. ಮದುವೆಗೆ ಮುಂಚಿನ ಹುಡುಗಿಯಂತೆ ಅವಳ ದನಿ ತುಸು ನಡುಗಿತು.

ಆರ್ಲಿನ್ ಬನ್ನು ಕಚ್ಚಿದ. "ಎಲ್ಲಾ ನೋಡಾಯ್ತಲ್ಲ ವೆರ್ನಾ. ಡಬ್ಬಿಯಲ್ಲಿ ಕೊನೇದೊಂದು ಬಾಕಿ. ಅದನ್ನ ಭಾನುವಾರ ಹೋಗಿ ಟ್ವೈಲಾ ಜೊತೆ ನೋಡ್ತೀನಿ ಅಂತ ಮಾತು ಕೊಟ್ಟಿದೀನಿ. ಪಾಪ, ಅವರಿಗೆ ಇನ್ನೂ ಬಿಡುಗಡೆ ಆಗಿಲ್ಲ. ನೀನು ಕಾರಲ್ಲಿ ಬಿಟ್ಟುಬರ್ತೀಯಾ?"

ಆ ಮಾತು ಬಾಯಿಂದ ಬಂದದ್ದು ಹೇಗೆಂದು ವೆರ್ನಾಳಿಗೆ ಆಮೇಲೂ ತಿಳಿಯಲಿಲ್ಲ. ಯೋಚಿಸಿರಲಿಲ್ಲ, ಸಿಟ್ಟಿನಿಂದ ಕೂಗಲೂ ಇಲ್ಲ. ಹವಾಮಾನ ಹೇಳುವವಳಂತೆ ಹೇಳಿಬಿಟ್ಟಳು.

"ಪೆಕ್ ಸಾಯ್ತಾನೆ."

ಆರ್ಲಿನ್ ಅಗಿಯುವುದನ್ನು ನಿಲ್ಲಿಸಿದ.

"ಹಡಗಿನಲ್ಲಿ ಗಾಳಿ ಕಡಿಮೆ ಆಗುತ್ತೆ. ತನ್ನ ಗಾಳಿ ಕೊಳವೆ ಬಿಚ್ಚಿ ಕರುಗಳ ದೊಡ್ಡಿಗೆ ಹಾಕ್ತಾನೆ. ಹ್ಯಾಟಿ ಬಾಗಿಲು ತೆಗೆಯೋಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ."

ಆರ್ಲಿನ್ ಉಳಿದ ಬನ್ನನ್ನು ತಟ್ಟೆಗಿಟ್ಟ. ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ಅವಳಿಗೂ ಆಡಲು ಮಾತುಗಳಿದ್ದವು, ವರ್ಷಗಟ್ಟಲೆ ಕೂಡಿಟ್ಟ ಮಾತುಗಳು. ಅವನು ಬೈಯಲಿಲ್ಲ. ಕೈಗೆ ಸಿಕ್ಕ ಆಟಿಕೆಯನ್ನು ಯಾರೋ ಕಿತ್ತುಕೊಂಡರೆ ಮಗು ನೋಡುತ್ತದಲ್ಲ, ಹಾಗೆ ಅವಳನ್ನು ನೋಡಿದ. ವಾಕರ್ ಎಳೆದುಕೊಂಡು ಎದ್ದು, ಆ ಚಳಿಯಲ್ಲಿ, ಆ ಕಾಲಿನಲ್ಲಿ, ಗರಾಜಿಗೆ ಹೋದ.

ಭಾನುವಾರದವರೆಗೂ ಮನೆಯಲ್ಲಿ ಬೇಕಾದಷ್ಟೇ ಮಾತು. ಮಾತ್ರೆ ಕೊಡು. ಕಾಫಿ ಸಾಕು. ವೆರ್ನಾಳಿಗೆ ಕ್ಷಮೆ ಕೇಳಬೇಕೆನ್ನಿಸುತ್ತಿತ್ತು. ಆದರೆ ಬಾಯಿ ತೆರೆದಾಗಲೆಲ್ಲ ಆ ಒಂದೇ ಡಬ್ಬಿಯ ಕರವಸ್ತ್ರ ಕಣ್ಣೆದುರು ಬರುತ್ತಿತ್ತು, ಮಾತ್ರೆಯನ್ನು ಅವನ ಮುಂದಿಟ್ಟು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಭಾನುವಾರ ಮಧ್ಯಾಹ್ನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತ. ಅದನ್ನು ನೋಡಿ ಅವಳ ಹೊಟ್ಟೆ ಮತ್ತೆ ಉರಿಯಿತು. ಕಾರಿನ ಕೀಲಿ ತೆಗೆದುಕೊಂಡಳು.

ಊರು ದಾಟುವವರೆಗೂ ಆರ್ಲಿನ್ ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ, "ಟ್ವೈಲಾಗೆ ಹೇಳಬೇಡ," ಎಂದ.

"ಏನು?"

"ಪೆಕ್ ವಿಷಯ. ಅವರಿಗೆ ಗೊತ್ತಿಲ್ಲ. ನಂದಂತೂ ಹೋಯ್ತು. ಅವರಾದರೂ ಸರಿಯಾಗಿ ನೋಡಲಿ."

ವೆರ್ನಾ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. "ನಾನೇನು ರಾಕ್ಷಸಿಯಾ?" ಎಂದಳು. ಅವನು ಮತ್ತೆ ಕಿಟಕಿಯತ್ತ ತಿರುಗಿದ.

ಬಾಗಿಲಲ್ಲೇ ಬಿಟ್ಟು ಹೊರಟುಬಿಡಬೇಕೆಂದಿದ್ದಳು. ಟ್ವೈಲಾ ಬಿಡಲಿಲ್ಲ. ಅವಳ ತಂಗಿ ತಂದುಕೊಟ್ಟ ಗಸಗಸೆ ಹೂರಣದ ಕೊಲಾಚೆ ಬನ್ನುಗಳನ್ನು ತಟ್ಟೆಯಲ್ಲಿ ಜೋಡಿಸಿ, ಮೂರನೇ ಕುರ್ಚಿಯೊಂದನ್ನು ಆಗಲೇ ಹಾಕಿಸಿದ್ದಳು. "ಕೂತ್ಕೊಳ್ಳಿ ವೆರ್ನಾ. ನೀವು ಮೊದಲೇ ನೋಡಿದೀರಂತಲ್ಲ, ಬಾಯಿ ಮಾತ್ರ ಬಿಡಬೇಡಿ!" ಎಂದು ನಕ್ಕಳು. ವೆರ್ನಾ ಕೂತಳು. ಆರ್ಲಿನ್ ಅವಳತ್ತ ನೋಡಲಿಲ್ಲ.

ಕಂತು ಶುರುವಾಯಿತು. ವೆರ್ನಾಳಿಗೆ ಪರದೆ ನೋಡುವ ಅಗತ್ಯವೇ ಇರಲಿಲ್ಲ. ಅವಳು ಗಂಡನನ್ನೇ ನೋಡಿದಳು. ಹಡಗಿನಲ್ಲಿ ಮೊದಲ ಗಂಟೆ ಬಾರಿಸಿದಾಗ ಟ್ವೈಲಾ, "ಏನಾಯ್ತು ಆರ್ಲಿನ್? ಗಾಳಿ ಸೋರ್ತಿದೆಯಾ?" ಎಂದು ಅವನ ತೋಳು ಹಿಡಿದಳು.

"ಗೊತ್ತಿಲ್ಲಪ್ಪ. ಏನೂ ಆಗಲ್ಲ ಬಿಡಿ. ಆ ಮುದುಕ ಏನಾದರೂ ಉಪಾಯ ಮಾಡ್ತಾನೆ," ಎಂದ ಆರ್ಲಿನ್.

ಇಸ್ಪೀಟಿನಲ್ಲಿ ಒಳ್ಳೇ ಎಲೆ ಬಂದರೆ ಕಿವಿ ಕೆಂಪಾಗುವ ಮನುಷ್ಯ ಅವನು. ಈಗಲೂ ಕಿವಿ ಕೆಂಪಾಗಿತ್ತು. ಆದರೂ ಆ ಹೆಂಗಸಿನ ಖುಷಿ ಕೆಡಬಾರದೆಂದು, ಬೆಚ್ಚುವ ಕಡೆ ಬೆಚ್ಚಿ, ಬೇಡ ಬೇಡ ಎನ್ನುವ ಕಡೆ ಬೇಡ ಬೇಡ ಎನ್ನುತ್ತಾ ನಟಿಸುತ್ತಿದ್ದ. ಪೆಕ್ ಕೊಳವೆಗೆ ಕೈ ಹಾಕಿದಾಗ ಅವನು ಟಿ.ವಿ.ಯಿಂದ ಕಣ್ಣು ತೆಗೆದು ತನ್ನ ಬೂಟು ನೋಡಿಕೊಂಡ. ಆ ಕಣ್ಣುಗಳಲ್ಲಿ ನೀರಿರಲಿಲ್ಲ. ಬಾವಿ ಕಂತಿಗೆ ಅತ್ತವನು, ಅದಕ್ಕಿಂತ ಹತ್ತು ಪಟ್ಟು ದೊಡ್ಡದಾದ ಇದಕ್ಕೆ ಅಳಲಿಲ್ಲ. ತಾನು ಏನನ್ನು ಹಾಳು ಮಾಡಿದೆ ಎಂಬುದು ವೆರ್ನಾಳಿಗೆ ಆಗ ಪೂರ್ತಿ ಗೊತ್ತಾಯಿತು.

ಟ್ವೈಲಾ ಮಾತ್ರ ಎರಡೂ ಕೈ ಬಾಯಿಗೊತ್ತಿಕೊಂಡು, "ಮುದುಕಾ, ಬೇಡ್ವೋ, ಬೇಡ್ವೋ," ಎಂದು ಗೋಗರೆಯುತ್ತಿದ್ದಳು. ಪಿಟೀಲು ಮುಗಿಯಿತು. ಅವಳು ಮೂಗು ಒರೆಸಿಕೊಂಡು, "ಸರಿ, ಮುಂದಿನ ಡಬ್ಬಿ ತರಿಸಿ," ಎಂದಳು.

"ಮುಂದಿನದು ಇಲ್ಲ," ಎಂದಳು ವೆರ್ನಾ.

"ಇಲ್ಲ ಅಂದ್ರೆ? ಹ್ಯಾಟಿಗೆ ಅವನು ಅಪ್ಪ ಅಂತ ಗೊತ್ತಾಗಬೇಕಲ್ಲ! ಆ ದನಗಳು?"

"ಅಲ್ಲಿಗೇ ನಿಲ್ಲಿಸಿಬಿಟ್ರು. ನೋಡೋರು ಸಾಲದು ಅಂತ."

ಟ್ವೈಲಾಳ ಮುಖ ಕೆಂಡವಾಯಿತು. "ಯಾವ ಕತ್ತೆ ನಿಲ್ಲಿಸಿದ್ದು? ಯಾರೂ ಕೇಳಲಿಲ್ವಾ ಅವರನ್ನ?"

"ನಾನು ಕೇಳಿದೆ," ಎಂದಳು ವೆರ್ನಾ. ಕಾರ್ಡುಗಳ ಕತೆ, ಡೆನ್ವರಿನ ಕತೆ ಎಲ್ಲ ಹೇಳಿದಳು. ಟ್ವೈಲಾ ಗಾಲಿಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡು, ನಡುನಡುವೆ ಚಾನೆಲ್ಲಿನವರಿಗೆ ಶಾಪ ಹಾಕುತ್ತಾ ಕೇಳಿದಳು. ಅಷ್ಟು ವರ್ಷಗಳಲ್ಲಿ ಎದುರಿಗೆ ಕೂತು ಹಾಗೆ ಕೇಳಿದವಳು ಅವಳೊಬ್ಬಳೇ. ವೆರ್ನಾಳಿಗೆ ಅವಳ ಮೇಲೆ ಪ್ರೀತಿ ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಆದರೆ ಒದ್ದೆಯಾಗಿದ್ದ ಆ ಮುಖ ನೋಡುತ್ತಿದ್ದರೆ, ಇವಳು ಇವತ್ತು ಮೊದಲ ಸಲ ನೋಡಿದಳಲ್ಲ, ನನಗಿನ್ನು ಅದು ಈ ಜನ್ಮದಲ್ಲಿ ಇಲ್ಲವಲ್ಲ ಎಂದು ಇನ್ನೊಂದು ಹೊಸ ಸಂಕಟ ಶುರುವಾಯಿತು.

ವಾಪಸು ಬರುವಾಗ ವೆರ್ನಾ ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿದಳು.

"ತಪ್ಪಾಯ್ತು ಆರ್ಲಿನ್. ನಾನು ಹೇಳಬಾರದಿತ್ತು."

"ಯಾಕೆ ಹೇಳಿದೆ?"

"ನೀನು ಅವಳ ಜೊತೆ ನೋಡಿದೆ ಅಂತ. ನಾನು ಕರೆದಾಗ ಒಂದು ಸಲವೂ ಬರಲಿಲ್ಲ."

ಅವನು ತನ್ನ ಹೊಸ ಮಂಡಿಯನ್ನು ನೀವಿಕೊಂಡ. "ನೀನು ಕರೀತಿದ್ದೆ, ನಿಜ," ಎಂದ. "ನೀನು ಅದನ್ನ ನೋಡೋವಾಗ ನಿನ್ನ ಮುಖ ಹೇಗಿರ್ತಿತ್ತು ಗೊತ್ತಾ? ಅಲ್ಲಿ ನನಗೆ ಜಾಗ ಇರ್ತಿರಲಿಲ್ಲ. ಆ ಹ್ಯಾಟಿ, ಆ ಹಡಗು, ಡೆನ್ವರಿನ ಜನ. ನಾನು ರೈಲಿನ ಎಣ್ಣೆ ಬಳಿದುಕೊಂಡು ಬಂದವನು. ಹಾಸ್ಯ ಮಾಡ್ತಿದ್ದೆ. ಇನ್ನೇನು ಮಾಡಲಿ?"

ವೆರ್ನಾ ಅವನತ್ತ ತಿರುಗಿದಳು. ಹೊಟ್ಟೆ ಉರಿದದ್ದು ತನಗೊಬ್ಬಳಿಗೇ ಎಂದುಕೊಂಡಿದ್ದಳು.

"ನಂಗೆ ಇನ್ನೂ ಕೋಪ ಇದೆ," ಎಂದ ಆರ್ಲಿನ್. "ಪೆಕ್‌ಗೆ ಅಳಬೇಕಿತ್ತು ನಾನು. ಸ್ವಲ್ಪ ದಿನ ಇರುತ್ತೆ ಕೋಪ."

"ಇರಲಿ," ಎಂದು ವೆರ್ನಾ ಕಾರು ಹೊರಡಿಸಿದಳು.

ಕೋಪ ಆ ವಾರವೂ ಇತ್ತು, ಮುಂದಿನ ವಾರವೂ ಇತ್ತು. ಹಿಮ ಕರಗಿ ಅಂಗಳ ಕೆಸರಾದ ಒಂದು ಸಂಜೆ ಅವನು ಒರಗು ಕುರ್ಚಿಯಲ್ಲಿ ಕೂತು, "ಮೊದಲಿಂದ ಹಾಕು," ಎಂದ. ಅವಳು ಸಿ.ಡಿ. ಹಾಕಿ ಪಕ್ಕದಲ್ಲಿ ಕೂತಳು. ಹ್ಯಾಟಿ ಹಡಗಿನ ಬಾಗಿಲಲ್ಲಿ ನಿಂತು ಮೊದಲ ದನವನ್ನು ಒಳಗೆ ತಳ್ಳಲಾರದೆ ಒದ್ದಾಡುವ ಜಾಗ ಬಂತು. ವೆರ್ನಾಳಿಗೆ ನಗು ಬರುವುದರಲ್ಲಿತ್ತು. ಆರ್ಲಿನ್ ಅವಳಿಗಿಂತ ಮುಂಚೆ ನಕ್ಕು, "ಇಲ್ಲಿ ಟ್ವೈಲಾ ಏನಂದ್ರು ಗೊತ್ತಾ..." ಎಂದು ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ ನಿಲ್ಲಿಸಿದ.

ವೆರ್ನಾ ಒಂದು ಗುಟುಕು ಕಾಫಿ ಕುಡಿದಳು. ಅದು ಗಂಟಲಲ್ಲಿ ಕಹಿಯಾಗಿ ಇಳಿಯಿತು.

"ಹೇಳು," ಎಂದಳು. "ಏನಂದಳು?"