ಆದಿನಾರಾಯಣನ ಮೂವತ್ತು ಮರಿಗಳು

ಆದಿನಾರಾಯಣ ಯಾವ ಬಾಗಿಲನ್ನೂ ಇತರರಿಗಿಂತ ಮೊದಲು ದಾಟಿದ್ದನ್ನು ನಾನು ಕಂಡಿಲ್ಲ. ದೇವಸ್ಥಾನವಾಗಲಿ, ಮದುವೆಯ ಪಂಕ್ತಿಯಾಗಲಿ, ಬಂಗಾರಪೇಟೆಯ ರೈಲಾಗಲಿ, ಬಾಗಿಲ ಪಕ್ಕದಲ್ಲಿ ಕಾಲಗಲಿಸಿ ನಿಂತು, ಒಳಹೋಗುವ ಗಂಡಸರ ಬೆನ್ನನ್ನು ಎರಡು ಬೆರಳಿನಿಂದ ಮುಟ್ಟಿ, ಹೆಂಗಸರನ್ನು ಕಣ್ಣಿನಿಂದಲೇ ಮುಗಿಸಿ, ತುಟಿಯೊಳಗೆ ಮಂತ್ರದಂತೆ ಏನನ್ನೋ ಜಪಿಸಿ ಕಟ್ಟಕಡೆಗೆ ತಾನು ಹೋಗುವವನು. ಹೀಗೆ ಎಣಿಸುತ್ತ ನಿಂತು ಮೂರು ಸಲ ರೈಲು ತಪ್ಪಿಸಿಕೊಂಡಿದ್ದಾನೆ. ಆದರೆ ತಪ್ಪಿದ ಆ ರೈಲಿನಲ್ಲಿ ಎಷ್ಟು ಜನ ಹೋದರೆಂಬುದು ಅವನಿಗೆ ಕರಾರುವಾಕ್ಕಾಗಿ ಗೊತ್ತಿರುತ್ತಿತ್ತು.

ಚಿನ್ನದ ಗಣಿ ನಡೆಯುತ್ತಿದ್ದಷ್ಟು ಕಾಲವೂ ಅವನ ಕೆಲಸ ಅದೇ. ಆಳುಗಳನ್ನು ಪಾತಾಳಕ್ಕೆ ಇಳಿಸುವ ಕಬ್ಬಿಣದ ಕೇಜಿನ ಬಾಗಿಲಲ್ಲಿ ನಿಂತು, ಇಳಿದವರನ್ನೂ ಹತ್ತಿದವರನ್ನೂ ಮುಟ್ಟಿ ಎಣಿಸಿ ಗಂಟೆ ಹೊಡೆಯುವುದು. ನಾನು ಮೈಸೂರು ಮೈನ್ಸಿನ ಬಡಗಿ ಶೆಡ್ಡಿನಲ್ಲಿ ಉಳಿ ಹಿಡಿದವನು, ಭೂಮಿಯ ಮೇಲಿನ ಪ್ರಾಣಿ. ಗಣಿ ಮುಚ್ಚಿ ಇಪ್ಪತ್ತೈದು ವರ್ಷವಾಗುತ್ತ ಬಂದರೂ ಕೋರಮಂಡಲ್ಲಿನ ಲೈನು ಮನೆಗಳಲ್ಲಿ ನಾವಿಬ್ಬರೂ ಒಂದೇ ಗೋಡೆಯ ಆಚೀಚೆ ಇದ್ದೇವೆ. ಏಪ್ರಿಲ್ಲಿನ ಬಿಸಿಲಿನಲ್ಲೂ ಅವನು ಕತ್ತಿನವರೆಗೆ ಗುಂಡಿ ಹಾಕಿದ ಬೂದು ಉಣ್ಣೆಯ ಕೋಟು ಬಿಚ್ಚುವುದಿಲ್ಲ. ಕೆಳಗಿನಿಂದ ಬರುವ ಕಾವಿನ ಬಾಯಲ್ಲಿ ನಿಂತು ನಿಂತು ಲೋಕವೆಲ್ಲ ಚಳಿಯೆಂದು ಅವನ ಮೈ ತೀರ್ಮಾನಿಸಿಬಿಟ್ಟಿದೆ. ಮಾತಿನ ಕೊನೆಗೊಂದು "ಸರೀನಾ?" ಇರಲೇಬೇಕು. ನೀವು "ಸರಿ" ಎನ್ನುವವರೆಗೆ ಮುಂದಿನ ಮಾತು ಹೊರಡದು.

ಒಮ್ಮೆ ಬಂಗಾರಪೇಟೆಯ ಮದುವೆಯೊಂದರಲ್ಲಿ ಎಲ್ಲರ ಊಟವೂ ಮುಗಿದ ಮೇಲೆ ಇವನು ಅಡುಗೆಯವರ ಮುಂದೆ ಹೋಗಿ, "ನಾನೂರ ಹನ್ನೆರಡು ಜನ ಬಂದ್ರು, ಉಂಡೋರು ನಾನೂರ ಹನ್ನೊಂದು" ಎಂದು ಪಟ್ಟುಹಿಡಿದ. ಹುಡುಕಿದರೆ ಮದುಮಗನೇ ಫೋಟೋದವನ ಕೈಗೆ ಸಿಕ್ಕಿ ಹಸಿದು ಕೂತಿದ್ದ! ನನ್ನ ಮೊಮ್ಮಕ್ಕಳು ನನ್ನ ಮಾತನ್ನು ರೂಪಾಯಿಗೆ ನಾಲ್ಕಾಣೆಯಷ್ಟು ಮಾತ್ರ ನಂಬುತ್ತಾರೆ. ಇನ್ನು ಮುಂದೆ ಹೇಳುವುದನ್ನಾದರೂ ಹದಿನಾರಾಣೆ ನಂಬಬೇಕು. ಇದರಲ್ಲಿ ತಪ್ಪಿತಸ್ಥ ನಾನೇ.

ಈ ಬೇಸಗೆಯಲ್ಲಿ ಅವನ ಹೆಂಡತಿ ಅಂಜಮ್ಮ ಕ್ಯಾಸಂಬಳ್ಳಿಯಿಂದ ಒಂದು ದಿನದ ಮೂವತ್ತು ನಾಟಿ ಕೋಳಿಮರಿಗಳನ್ನು ತರಿಸಿದಳು. ನಡುಮನೆಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ, ತಳದಲ್ಲಿ ಭತ್ತದ ಹೊಟ್ಟು, ಮೇಲೆ ತೂಗುಬಲ್ಬು. ಮರಿಗಳು ಬಲ್ಬಿನಡಿ ಒತ್ತಿಕೊಂಡರೆ ಚಳಿ, ಮೂಲೆಗೆ ಓಡಿದರೆ ಸೆಕೆ ಎಂದು ಓದಿಕೊಂಡು ಆದಿನಾರಾಯಣ ವಾರವಾರವೂ ಬಲ್ಬನ್ನು ಗೇಣಷ್ಟು ಮೇಲಕ್ಕೆ ಎಳೆದ. ಐದು ವಾರ ತುಂಬಿ, ಮೈಮೇಲೆ ಗರಿ ಬಲಿತು, ನಾಲ್ಕು ಬೆಳಗು ಎಳೆಬಿಸಿಲು ಕಂಡ ಮೇಲೆ, ಹಿತ್ತಲಲ್ಲಿ ನಾನೇ ಮಾಡಿಕೊಟ್ಟ ಮರದ ಗೂಡಿಗೆ ಅವುಗಳನ್ನು ಸೇರಿಸುವ ದಿನ ಬಂತು.

ಸಂಜೆ ನಾಲ್ಕರ ಹೊತ್ತು. ಬುಟ್ಟಿಯಲ್ಲಿ ಐದೈದು ಮರಿ ತುಂಬಿ ತಂದು, ಗೂಡಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದರ ಬೆನ್ನನ್ನೂ ಎರಡು ಬೆರಳಿನಿಂದ ಮುಟ್ಟಿ ಒಳಬಿಡುತ್ತಿದ್ದ. ಆ ಗಾಂಭೀರ್ಯ ಕಂಡು ನನ್ನ ಹೊಟ್ಟೆಯೊಳಗಿನ ಕೋತಿ ಎದ್ದು ಕೂತಿತು. ಅವನು ನಾಲ್ಕನೆಯ ಬುಟ್ಟಿ ಹೊತ್ತು ಹಿತ್ತಲಿಗೆ ಹೋದಾಗ ಪೆಟ್ಟಿಗೆಯಿಂದ ಒಂದು ಮರಿಯನ್ನು ಎತ್ತಿ, ಟವೆಲಿನಲ್ಲಿ ಸಡಿಲವಾಗಿ ಸುತ್ತಿ ನನ್ನ ಕೈಚೀಲದೊಳಗಿಟ್ಟೆ. ಕತ್ತಲಾಯಿತೆಂದರೆ ಕೋಳಿ ಜಾತಿ ಸುಮ್ಮನಾಗುತ್ತದೆ. ಅದು ಕಿಂವ್ ಎನ್ನಲಿಲ್ಲ.

"ಇಪ್ಪತ್ತೊಂಬತ್ತು" ಎಂದ ಆದಿನಾರಾಯಣ. "ಸರೀನಾ?" ಎನ್ನಲಿಲ್ಲ.

ಪೆಟ್ಟಿಗೆ ಬೋರಲು ಹಾಕಿದ. ಹೊಟ್ಟು ಜಾಲಾಡಿದ. ಮಂಚದಡಿ, ಒಲೆಯ ಸಂದು, ಎಲ್ಲ ಆಯಿತು.

"ಅದ್ದು ಎತ್ಕಂಡೋಗಿರ್ತದೆ ಬುಡು, ಕಾಪಿ ಆರೋಗ್ತದೆ" ಎಂದು ಅಂಜಮ್ಮ ಆಕಾಶದತ್ತ ಕೈ ತೋರಿದಳು.

"ಅದ್ದು ಬಂದ್ರೆ ನಂಗ್ ಕಾಣಾಕಿಲ್ವಾ? ನೀ ಒಳೀಕೋಗು."

ನಾನು ನಗು ತಡೆದು, "ಎಣಿಸೋದು ಮರ್ತೋಯ್ತೇನ್ಲಾ ಮುದುಕಾ?" ಎಂದು ಕಿಚಾಯಿಸಿ, ಚೀಲ ಹೆಗಲಿಗೇರಿಸಿ, ಹೊಗೆಸೊಪ್ಪು ತರಲು ಮುಂಬಾಗಿಲಿನಿಂದ ನನ್ನ ಮನೆಗೆ ಹೋದೆ. ಮರಳಿ ಹಿತ್ತಲಿಗೆ ಹೋದರೆ ಕೋಟು ನೆಲದ ಮೇಲೆ ಬಿದ್ದಿತ್ತು. ಕೋಟಿನ ಯಜಮಾನ ಇರಲಿಲ್ಲ. ಗೋಡೆಯ ಬುಡದಲ್ಲಿ, ಮಳೆನೀರು ಹರಿಯಲೆಂದು ಕಲ್ಲುಚಪ್ಪಡಿ ಮುಚ್ಚಿದ ಹಳೆಯ ತೂಬಿನ ಬಾಯಿಂದ, ಎರಡು ಅಂಗಾಲು ಆಚೆ ಚಾಚಿದ್ದವು. ಅಲುಗಾಡುತ್ತಿರಲಿಲ್ಲ.

ಎಪ್ಪತ್ತನಾಲ್ಕು ವರ್ಷದ ದೇಹ! ಗಣಿಯ ಬಾಯಲ್ಲಿ ನಿಂತು ಅಷ್ಟು ವರ್ಷ ಒಳಗಿಳಿಯದೆ ಉಳಿದವನನ್ನು ನಾನು ಒಂದು ಮರಿಯ ತಮಾಷೆಗೆ ಚರಂಡಿಯೊಳಗೆ ಇಳಿಸಿದ್ದೆ. "ಆದೀ!" ಎಂದು ಕೂಗಿದೆ. ಪಾದ ಹಿಡಿದರೆ ತಣ್ಣಗಿತ್ತು. ಕಾಲು ಹಿಡಿದು ಎಳೆದೆ.

ಆ ಕಾಲು ನನ್ನ ಎದೆಗೆ ಒದೆಯಿತು. "ಕಾಲ್ ಬುಡೋ! ಸುಮ್ಕಿರು, ಒಳ್ಗೆ ಉಸ್ರು ಕೇಳ್ತದಾ ನೋಡ್ತಿವ್ನಿ!"

"ಈಚೆ ಬಾರೋ ಮಾರಾಯ! ಮರಿ ಇಲ್ಲೈತೆ! ನನ್ ಚೀಲದಾಗೈತೆ!"

ಅಂಗುಲ ಅಂಗುಲವಾಗಿ ಹಿಂದಕ್ಕೆ ಸರಿದು ಬಂದ. ಮೊಣಕೈ ತರಚಿ ರಕ್ತ, ಹುಬ್ಬಿನ ತುಂಬ ಕೆಸರು. ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತ ನನ್ನ ಕಡೆಗೆ ಅವನು ನೋಡಲೇ ಇಲ್ಲ. ಟವೆಲು ಬಿಡಿಸಿ, ಮರಿಯ ಎದೆಗೆ ಕಿವಿಯಿಟ್ಟು, "ಐತೆ" ಎಂದ. ಅಷ್ಟು ಸಾಲದೆಂಬಂತೆ ಗೂಡಿನ ಅಗುಳಿ ತೆಗೆದ.

"ಎಲ್ಲಾನೂ ಈಚೆ ತೆಗಿ."

"ಮೂವತ್ತಾಯ್ತಲ್ಲ, ಇನ್ನೇನ್ ನಿಂದು?" ಎಂದು ಅಂಜಮ್ಮ ಹಣೆ ಬಡಿದುಕೊಂಡಳು.

"ತಪ್ಪಿದ್ ಲೆಕ್ಕಕ್ಕೆ ಒಂದು ಕೂಡ್ಸುದ್ರೆ ಸರಿ ಲೆಕ್ಕ ಆಗಾಕಿಲ್ಲ ಕಣಮ್ಮಿ. ಮೊದ್ಲಿಂದ ಆಗ್ಬೇಕು." ಆಮೇಲೆ ನನ್ನ ಕಡೆ ತಿರುಗಿ, "ಎಂಕಟ್ರಾಯಪ್ಪ, ಈ ಕಿತ ನೀನ್ ಎಣಿಸು" ಎಂದ.

ನಲವತ್ತು ವರ್ಷ ಇವನ ಎಣಿಕೆಯನ್ನು ಆಡಿಕೊಂಡು ನಕ್ಕವನು ನಾನು. ಕೂತು ಎಣಿಸಿದೆ. ಪ್ರತಿ ಮರಿಯ ಬೆನ್ನಿನ ಮೇಲೂ ನನ್ನ ಬೆರಳಿಗೆ ಬಿಸಿ ತಾಕಿತು, ಗರಿಯಡಿಯ ಎಳೆಮೂಳೆ ತಾಕಿತು, ಮೈತುಂಬ ಮಿಡಿಯುವ ಭಯ ತಾಕಿತು. ಹದಿನೇಳರ ಹತ್ತಿರ, ಮುಟ್ಟಿದ್ದನ್ನೇ ಮತ್ತೆ ಮುಟ್ಟಿ ಲೆಕ್ಕ ತಪ್ಪಿದೆ.

"ಮೊದ್ಲಿಂದ" ಎಂದ, ಸಿಟ್ಟಿಲ್ಲದೆ.

ಮೂರನೆಯ ಸಲಕ್ಕೆ ಮೂವತ್ತು ತಲುಪಿದೆ. ಅವನು ಅಗುಳಿ ಹಾಕಿ, ಕೋಟು ಕೊಡವಿ ತೊಟ್ಟು, ಆರಿದ ಕಾಫಿ ಕುಡಿಯಲು ನನ್ನನ್ನು ಮುಂದೆ ಬಿಟ್ಟು ಒಳಗೆ ಬಂದ. ಬೈದಿದ್ದರೆ ಆ ಇರುಳು ನನಗೆ ನಿದ್ದೆ ಬರುತ್ತಿತ್ತು.

ನಾವೆಲ್ಲ ಗುಂಪನ್ನೊಮ್ಮೆ ನೋಡಿ "ಎಲ್ಲರೂ ಬಂದರು" ಎಂದುಬಿಡುತ್ತೇವೆ. ಅದು ಅಂದಾಜು, ಅದರಲ್ಲಿಯೇ ನಮ್ಮ ಸಂಸಾರ ಸಾಗುತ್ತದೆ. ಕೊನೆಯವನ ಬೆನ್ನು ಬೆರಳಿಗೆ ತಾಕುವವರೆಗೆ ಆ ಮಾತನ್ನು ಆಡದವರು ಅಲ್ಲೊಬ್ಬರು ಇಲ್ಲೊಬ್ಬರು. ಅವರಿಂದ ಊಟ ಆರುತ್ತದೆ, ಗಾಡಿ ತಪ್ಪುತ್ತದೆ, ಮನೆಯವರ ತಾಳ್ಮೆ ಹರಿಯುತ್ತದೆ. ಬಿಸಿಲಲ್ಲಿ ಓಡಾಡುವ ನಮಗೆ ಅವರು ಕಿರಿಕಿರಿ. ಆದರೆ ನೆಲದೊಳಗೆ ಇಳಿದು ಮೇಲಿನ ಬೆಳಕು ಚುಕ್ಕಿಯಾಗುವುದನ್ನು ನೋಡಿದವನನ್ನು ಕೇಳಿ: ಮೇಲೆ ನಿಂತವನು ಎಷ್ಟು ಕಿರಿಕಿರಿಯವನೋ ಅಷ್ಟು ಧೈರ್ಯವಾಗಿ ಕೆಳಗಿನವನು ಇಳಿದಿರುತ್ತಾನೆ.