ತೊಲೆಯ ಪ್ರೋಗ್ರಾಂ

ಕಾಲೇಜಿನ ಲೈಬ್ರರಿಯ ಕಿಟಕಿ ಪಕ್ಕದ ಮೇಜಿನಲ್ಲಿ ಲಾಂಡ್ರಿಯವನ ಮಗಳು ಗ್ರಾಫ್ ತೋರಿಸುವ ಕ್ಯಾಲ್ಕುಲೇಟರಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ತೊಲೆಯ ಉದ್ದ, ಅದರ ಮೇಲಿನ ಭಾರ, ಭಾರ ಕೂತ ಜಾಗ ಕೊಟ್ಟರೆ ಎರಡು ಕಂಬಗಳ ಮೇಲೆ ಎಷ್ಟೆಷ್ಟು ಹೊರೆ ಬೀಳುತ್ತದೆಂದು ಅದು ಹೇಳುತ್ತಿತ್ತು. ಕ್ಯಾಲ್ಕುಲೇಟರ್ ಅವಳದಲ್ಲ, ಎದುರು ಕೂತು ಆಕಳಿಸುತ್ತಿದ್ದ ಕಂಟ್ರಾಕ್ಟರ್ ಮಗಳದು. ಲಾಂಡ್ರಿಯವನ ಮಗಳ ಬಳಿ ಇದ್ದದ್ದು ಅಂಗಡಿಗಳಲ್ಲಿರುವಂಥ ಸಾದಾ ಯಂತ್ರ.

"ಇಂಥ ಯಂತ್ರ ಇರೋರು ಪರೀಕ್ಷೆಗೆ ಅವರವರ ಪ್ರೋಗ್ರಾಂ ಅವರವರೇ ಬರ್ಕೊಂಡು ಬನ್ನಿ ಅಂದಿದಾರೆ ಕಣೇ ಮೇಷ್ಟ್ರು."

"ನನ್ನ ತಲೆಗೆ ಹತ್ತಲ್ಲ. ಇದೊಂದ್ಸಲ ಬರ್ಕೊಡೇ. ನಿಂಗೂ ಕಲಿತ ಹಾಗಾಗತ್ತೆ."

ಅಂಥ ಯಂತ್ರವನ್ನು ಮುಟ್ಟುವ ಆಸೆಗೆ ಅವಳು ಬರೆದುಕೊಟ್ಟಳು.

ಪರೀಕ್ಷೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಒಬ್ಬಳು ಗುಂಡಿ ಒತ್ತಿದಳು, ಇನ್ನೊಬ್ಬಳು ಹಾಳೆ ತುಂಬ ಲೆಕ್ಕ ಮಾಡಿದಳು. ಗುರುತ್ವಕ್ಕೆ 9.81 ಹಾಕಿರೆಂದು ಮೇಷ್ಟ್ರು ಹೇಳಿದ್ದರೂ ಹೈಸ್ಕೂಲಿನ ರೂಢಿಯಿಂದ ಲಾಂಡ್ರಿಯವನ ಮಗಳ ಕೈಗೆ ಬರುತ್ತಿದ್ದದ್ದು 9.8. ಪ್ರೋಗ್ರಾಮಿನಲ್ಲೂ ಅದನ್ನೇ ಹಾಕಿಬಿಟ್ಟಿದ್ದಳು. ಹೀಗಾಗಿ ಇಡೀ ತರಗತಿಯಲ್ಲಿ ಇವರಿಬ್ಬರ ಉತ್ತರಗಳು ಮಾತ್ರ ಒಂದೇ ರೀತಿ ತುಸು ತಪ್ಪಿದವು.

ಪತ್ರಿಕೆ ಹಂಚುವ ದಿನ ಮೇಷ್ಟ್ರು ಹಿಂದುಮುಂದು ನೋಡದೆ ಲಾಂಡ್ರಿಯವನ ಮಗಳನ್ನು ಎಬ್ಬಿಸಿ ನಿಲ್ಲಿಸಿದರು.

"ಪಕ್ಕದವಳದ್ದು ಕಾಪಿ ಹೊಡೀತೀಯಾ? ನಾಚಿಕೆ ಆಗಲ್ವಾ?"

"ಇಲ್ಲ ಸರ್, ನಾನೇ ಮಾಡಿದ್ದು. ಅವಳನ್ನೂ ಒಂದು ಮಾತು ಕೇಳಿ ಸರ್."

"ಅವಳನ್ನ ಏನು ಕೇಳೋದು? ಅವಳ ಹತ್ರ ಪ್ರೋಗ್ರಾಂ ಇದೆ. ನಿನ್ನ ಹತ್ರ ಏನಿದೆ? ಸೊನ್ನೆ ಹಾಕಿದೀನಿ, ಹೋಗು ಆಚೆ."

ತರಗತಿ ನಕ್ಕಿತು. ಕಂಟ್ರಾಕ್ಟರ್ ಮಗಳ ಬಾಯಿಗೆ ಬೀಗ ಬಿದ್ದಿತ್ತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚುವುದರಲ್ಲಿ ಓದಿದವರೇ ಮುಂದು. ಆ ಸೊನ್ನೆಯಿಂದ ಲಾಂಡ್ರಿಯವನ ಮಗಳ ಶುಲ್ಕ ವಿನಾಯಿತಿ ಹೋಗುತ್ತಿತ್ತು, ವಿನಾಯಿತಿ ಹೋದರೆ ಓದೂ ಹೋದಂತೆಯೇ.

ಪಾಠ ಮುಗಿದ ಮೇಲೆ ಮೆಟ್ಟಿಲ ಬಳಿ ಗೆಳತಿ ಓಡಿಬಂದು ಕೈ ಹಿಡಿದಳು. "ನಿಜ ಹೇಳಿದ್ರೆ ಅಪ್ಪ ನನ್ನ ಚರ್ಮ ಸುಲೀತಾರೆ ಕಣೇ. ನೀನು ಜಾಣೆ, ಮತ್ತೊಂದ್ಸಲ ಬರೆದ್ರೂ ಪಾಸಾಗ್ತೀಯ."

ಲಾಂಡ್ರಿಯವನ ಮಗಳಿಗೆ ಮೈಯೆಲ್ಲ ಉರಿಯಿತು. ಕೈ ಕೊಡವಿಕೊಂಡಳು.

"ಜಾಣೆ ಅಂತ ಎರಡೆರಡು ಸಲ ಬರೀಬೇಕಾ ನಾನು? ನಿಂಗೊಂದ್ಸಲ, ನಂಗೊಂದ್ಸಲ? ಬರ್ಕೊಟ್ಟಿದ್ದು ನನ್ನ ತಪ್ಪೇ. ಅದಕ್ಕೆ ಬೈದ್ರೆ ಬೈಸ್ಕೋತೀನಿ. ಕಳ್ಳಿ ಅನ್ನಿಸ್ಕೊಳ್ಳಲ್ಲ. ಅವರು ನನ್ನ ಮಾತೇ ಕೇಳಲಿಲ್ಲ. ನೀನು ಕೇಳಿಸ್ಕೊಂಡೂ ಸುಮ್ನೆ ಕೂತೆ. ಇಬ್ಬರಲ್ಲಿ ಯಾರು ವಾಸಿ, ನೀನೇ ಹೇಳು."

ಕಂಟ್ರಾಕ್ಟರ್ ಮಗಳು ಅತ್ತಳು. ಇವಳು ಸಮಾಧಾನ ಮಾಡಲಿಲ್ಲ. ಅತ್ತು ಮುಗಿದ ಮೇಲೆ ಆಕೆ ಕಣ್ಣೊರೆಸಿಕೊಂಡು, "ನೀನೂ ಬಾ, ಒಬ್ಳಿಗೇ ಭಯ ಆಗತ್ತೆ" ಎಂದು ಸ್ಟಾಫ್ ರೂಮಿನ ಕಡೆ ನಡೆದಳು. ಮೇಷ್ಟ್ರ ಮುಂದೆ ಪ್ರೋಗ್ರಾಂ ತೆರೆದಿಟ್ಟಳು.

"ಇದರಲ್ಲಿ ಒಂದು ಸಾಲೂ ನಂದಲ್ಲ ಸರ್. ಎಲ್ಲಾ ಇವಳು ಬರ್ಕೊಟ್ಟಿದ್ದು."

ಮೇಷ್ಟ್ರು ಒಂದೊಂದೇ ಸಾಲು ಇಳಿಸುತ್ತ ನೋಡಿದರು. 9.8 ಕಂಡ ಕಡೆ ಬೆರಳು ನಿಂತಿತು. ಲಾಂಡ್ರಿಯವನ ಮಗಳು ಮೇಜಿನ ಮೇಲಿಟ್ಟ ಪತ್ರಿಕೆಯ ಕೈಬರಹದ ಲೆಕ್ಕವನ್ನು ಅವರು ಈಗ ಮೊದಲ ಸಲ ಪೂರ್ತಿ ಓದಿದರು. ಒಂದು ಹೆಜ್ಜೆಯೂ ಬಿಟ್ಟುಹೋಗಿರಲಿಲ್ಲ.

"ಯಂತ್ರ ಯಾರದ್ದೋ ಉತ್ತರಾನೂ ಅವರದ್ದೇ ಅಂದ್ಕೊಂಡೆ," ಎಂದರು ತಗ್ಗಿದ ದನಿಯಲ್ಲಿ. ಕಂಟ್ರಾಕ್ಟರ್ ಮಗಳನ್ನು ನೋಡಿದರು. "ನೀನು ಇನ್ನೊಂದ್ಸಲ ಪರೀಕ್ಷೆ ಬರಿಯಮ್ಮ, ಈ ಸಲ ನಿಂದೇ ಪ್ರೋಗ್ರಾಂ ತಗೊಂಡು ಬಾ. ಇವಳ ಅಂಕ ಇವಳಿಗೆ ಹಾಕ್ತೀನಿ." ಲಾಂಡ್ರಿಯವನ ಮಗಳ ಕಡೆ ತಿರುಗಿದರು. "ಇನ್ಮೇಲೆ ಯಾರಿಗೂ ಬರ್ಕೊಡಬೇಡ. ನನ್ನದೂ ತಪ್ಪಾಯ್ತಮ್ಮ. ಇದನ್ನ ಇಲ್ಲಿಗೇ ಬಿಡೋಣ."

"ನನ್ನ ಮಾನ ಹೋಗಿದ್ದು ಕ್ಲಾಸಲ್ಲಿ ಸರ್," ಎಂದಳು ಅವಳು. "ಇಲ್ಲಿ ಗುಟ್ಟಾಗಿ ವಾಪಸ್ ಕೊಟ್ರೆ ನಾನು ತಗೊಳ್ಳಲ್ಲ."

ಮೇಷ್ಟ್ರು ಅವಳ ಪತ್ರಿಕೆ ಎತ್ತಿಕೊಂಡು ಎದ್ದರು. ತರಗತಿಯಲ್ಲಿ ಆಗಲೇ ಬೇರೊಬ್ಬರ ಪಾಠ ನಡೆದಿತ್ತು. ಅವರು ಬಾಗಿಲು ತಟ್ಟಿದರು.

"ಎರಡು ನಿಮಿಷ ಕೊಡಿ. ಇವರೆಲ್ಲರ ಮುಂದೆ ನಾನೊಂದು ತಪ್ಪು ಒಪ್ಕೋಬೇಕು."