ಕತ್ತಿ ಸೋಕದ ತಲೆ

"ಪಾಕ ಯಾವ ಬಣ್ಣಕ್ಕೆ ಬಂತು?" ಶಶಿರೇಖಾ ನಡುಮನೆಯ ಮಂಚದ ಮೇಲಿನಿಂದಲೇ ಕೂಗಿ ಕೇಳಿದಳು.

"ಟೀ ಬಣ್ಣ," ಎಂದ ಧರ್ಮರಾಜು ಅಡುಗೆಮನೆಯಿಂದ.

"ಯಾವ ಟೀ? ಹೋಟೆಲ್ ಟೀನಾ, ನಿಮ್ಮಮ್ಮ ಮಾಡೋ ಟೀನಾ?"

"ಅಮ್ಮಂದು."

"ಹಾಗಾದ್ರೆ ಇನ್ನೂ ಕುದೀಲಿ. ಜೇನಿನ ಬಣ್ಣ ಬರ್ಬೇಕು. ಕೈ ಬಿಡದೆ ತಿರುಗಿಸ್ತಾ ಇರಿ. ತಳ ಹಿಡೀತು ಅಂದ್ರೆ ಮತ್ತೆ ಮೊದಲಿಂದ ಮಾಡ್ಬೇಕಾಗತ್ತೆ."

ತೊಂಬತ್ತೊಂಬತ್ತನೆಯ ಇಸವಿಯ ಏಪ್ರಿಲ್. ಬಸವನಗುಡಿಯ ಬೀದಿನಾಯಿಗಳೂ ನೆರಳು ಹುಡುಕಿಕೊಂಡು ಮಲಗಿದ್ದ ಮಧ್ಯಾಹ್ನದಲ್ಲಿ ಧರ್ಮರಾಜು ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ಒಲೆಯ ಮುಂದೆ ನಿಂತಿದ್ದ. ಬಾಣಲೆಯಲ್ಲಿ ಎರಡು ಲೋಟ ಸಕ್ಕರೆ, ಎರಡು ನಿಂಬೆಹಣ್ಣಿನ ರಸ, ಒಂದಿಷ್ಟು ನೀರು. ಹದಿಮೂರು ವರ್ಷದಿಂದ ಗಾಂಧಿ ಬಜಾರಿನ ಹತ್ತಿರ ತರಕಾರಿ ಅಂಗಡಿ ಇಟ್ಟುಕೊಂಡು ಸಾವಿರಾರು ನಿಂಬೆಹಣ್ಣು ಮಾರಿದ್ದರೂ ಅದಕ್ಕೆ ಇಂಥದೊಂದು ಉಪಯೋಗ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಶಶಿರೇಖಾ. ಮುಂದಿನ ಕೋಣೆಯಲ್ಲಿ ಐದು ವರ್ಷ ಬ್ಯೂಟಿ ಪಾರ್ಲರು ನಡೆಸಿ, ಬೀದಿಯ ಅರ್ಧ ಹೆಂಗಸರ ಕೈಕಾಲಿನ ಕೂದಲು ಕಿತ್ತವಳು ಅವಳು. 'ಹೆಂಗಸರಿಗೆ ಮಾತ್ರ' ಎಂಬ ಬೋರ್ಡು ಈಗಲೂ ಬಾಗಿಲ ಮೇಲಿತ್ತು. ಪಾರ್ಲರು ಮಾತ್ರ ಮುಚ್ಚಿ ಮೂರು ತಿಂಗಳಾಗಿತ್ತು. ಅವಳಿಗೆ ಆರನೇ ತಿಂಗಳು. ಮಂಚ ಬಿಟ್ಟು ಇಳಿಯಬೇಡ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು.

ಈ ಕೆಲಸಕ್ಕೆ ಸೋಮವಾರ ಗೊತ್ತುಮಾಡಿದವಳೂ ಅವಳೇ. ಸೋಮವಾರವೆಂದರೆ ಅತ್ತೆ ಮುತ್ಯಾಲಮ್ಮ ಬೆಳಿಗ್ಗೆಯೇ ಗವಿ ಗಂಗಾಧರೇಶ್ವರನ ದೇವಸ್ಥಾನಕ್ಕೆ ಹೊರಟು, ಅಲ್ಲಿಂದ ಅಕ್ಕನ ಮಗಳು ಅಂಜಮ್ಮನ ಮನೆಗೆ ಹೋಗಿ, ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ ಐದು ಗಂಟೆಗೆ ಬರುತ್ತಿದ್ದಳು. ಈಗಿನ್ನೂ ಒಂದೂವರೆ.

ಧರ್ಮರಾಜುವಿನ ತಲೆಯ ಕಥೆ ಶುರುವಾದದ್ದು ಅವನ ಏಳನೇ ವಯಸ್ಸಿನಲ್ಲಿ. ಮೊದಲು ಕಿವಿಯ ಹಿಂದೆ ನಾಲ್ಕಾಣೆಯಗಲ ಕೂದಲು ಉದುರಿತು, ಆಮೇಲೆ ನೆತ್ತಿಯಲ್ಲಿ, ಆಮೇಲೆ ಎಲ್ಲೆಂದರಲ್ಲಿ. ಹುಳ ತಿಂದಿದೆ ಎಂದರು. ಈರುಳ್ಳಿ ರಸ ತಿಕ್ಕಿದರು, ಮುಲಾಮು ಹಚ್ಚಿದರು. ಹೈಸ್ಕೂಲಿಗೆ ಬರುವಷ್ಟರಲ್ಲಿ ಅವನ ಹೆಸರು 'ಮ್ಯಾಪು' ಎಂದಾಗಿತ್ತು. ಹಿಂದಿನ ಬೆಂಚಿನವನು ಪೆನ್ಸಿಲ್ಲಿನಿಂದ ತಲೆ ಚುಚ್ಚಿ, "ಇದು ಕೇರಳ, ಇದು ಗುಜರಾತು," ಎನ್ನುತ್ತಿದ್ದ. ಮೇಷ್ಟ್ರೂ ಒಂದು ಸಲ ನಕ್ಕಿದ್ದರು. ಹುಡುಗರ ನಗುವನ್ನೆಲ್ಲ ಮರೆತ ಧರ್ಮರಾಜು ಅದೊಂದನ್ನು ಮರೆತಿರಲಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಚಾಮರಾಜಪೇಟೆಯ ಒಬ್ಬ ಕ್ಷೌರಿಕ, "ಇರೋದನ್ನೂ ತೆಗೆದುಬಿಡೋಣ ಗುರು, ಆಮೇಲೆ ಯಾರಿಗೇನು ಗೊತ್ತಾಗತ್ತೆ?" ಎಂದ. ಆ ಪುಣ್ಯಾತ್ಮನನ್ನು ಅವನು ಇವತ್ತಿಗೂ ನೆನೆಯುತ್ತಿದ್ದ. ಅವತ್ತಿನಿಂದ ದಿನ ಬಿಟ್ಟು ದಿನ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ತಾನೇ ತಲೆ ಬೋಳಿಸಿಕೊಳ್ಳುತ್ತಿದ್ದ. ತಿಕ್ಕಿದ ತಂಬಿಗೆಯ ಹಾಗೆ ಹೊಳೆಯುವ ಆ ತಲೆಗೆ ಬಜಾರಿನವರು 'ಗುಂಡಣ್ಣ' ಎಂದು ಹೆಸರಿಟ್ಟರು. ಮ್ಯಾಪಿಗೂ ಗುಂಡಣ್ಣನಿಗೂ ಎಷ್ಟು ವ್ಯತ್ಯಾಸ ಎಂಬುದು ಅವನಿಗೊಬ್ಬನಿಗೇ ಗೊತ್ತು. ಗುಂಡಣ್ಣ ಗಿರಾಕಿಗಳ ಜೊತೆ ತಮಾಷೆ ಮಾಡುತ್ತಿದ್ದ, ಕೊತ್ತಂಬರಿ ಸೊಪ್ಪನ್ನು ಕೊಸರಾಗಿ ಮೇಲೆ ಹಾಕುತ್ತಿದ್ದ, ಎದೆ ಸೆಟೆಸಿಕೊಂಡು ಹೆಣ್ಣು ನೋಡಲು ಹೋಗಿದ್ದ.

ಬಸುರಿಯ ಗಂಡ ತಲೆಗೆ ಕತ್ತಿ ಸೋಕಿಸಬಾರದು, ಅದರಲ್ಲೂ ಐದು ತಿಂಗಳು ತುಂಬಿದ ಮೇಲೆ ಖಂಡಿತ ಕೂಡದು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಆದರೆ ಅದು ಕೂದಲಿದ್ದವರಿಗೆ ಮಾಡಿದ ಕಟ್ಟಳೆ, ಬೋಳುತಲೆಯವನಿಗೆ ಅದರ ಗೊಡವೆ ಇಲ್ಲ ಎಂದು ಧರ್ಮರಾಜು ತಿಳಿದಿದ್ದ. ಮೊದಲ ಮಗು ಐದನೇ ತಿಂಗಳಲ್ಲಿ ಹೋಯಿತು. ಎರಡನೆಯದು ಆರನೆಯದರಲ್ಲಿ. ಆಗ ಸಮಾಧಾನ ಹೇಳಲು ಬಂದ ಪಕ್ಕದ ಮನೆಯ ಅಕ್ಕಯಮ್ಮ ಕಾಫಿ ಕುಡಿಯುತ್ತ, "ಕತ್ತಿ ಸೋಕಿಸಬಾರ್ದು ಅಂತ ಹಿರಿಯರು ಸುಮ್ ಸುಮ್ನೆ ಹೇಳ್ತಾರಾ ಮುತ್ಯಾಲಮ್ಮ? ನಿನ್ನ ಮಗ ದಿನ ಬಿಟ್ಟು ದಿನ ಬೋಳಿಸ್ಕೊಂಡ್ರೆ ಮಗು ಹೆಂಗೆ ನಿಲ್ಲತ್ತೆ?" ಎಂದಳು. ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ಧರ್ಮರಾಜು ಅದನ್ನು ಕೇಳಿಸಿಕೊಂಡ. ಅಮ್ಮ ಏನಾದರೂ ಅನ್ನುತ್ತಾಳೇನೋ ಎಂದು ಒಂದು ಗಳಿಗೆ ಕಾದ. ಅವಳು ಏನೂ ಅನ್ನಲಿಲ್ಲ.

ಗರ್ಭಕೋಶದ ಬಾಯಿ ಸಡಿಲ, ಅದಕ್ಕೇ ಮಗು ನಿಲ್ಲುತ್ತಿಲ್ಲ ಎಂದು ಡಾಕ್ಟರಮ್ಮ ಈ ಸಲ ಹೊಲಿಗೆ ಹಾಕಿದ್ದರು. ಶಶಿರೇಖಾ ಅದನ್ನು ಗಂಡನಿಗೆ ನಾಲ್ಕು ಸಲ ಬಿಡಿಸಿ ಹೇಳಿದ್ದಳು. ನಾಲ್ಕು ಸಲವೂ ಅವನು ಹೂಂಗುಟ್ಟಿದ್ದ, ಒಂದು ಸಲವೂ ನಂಬಿರಲಿಲ್ಲ. ಎರಡು ಮಕ್ಕಳನ್ನು ಕೈಯಾರೆ ಕೊಂದೆ ಎಂಬ ಮಾತು ಎರಡು ವರ್ಷದಿಂದ ಅವನೊಳಗೆ ಕೂತಿತ್ತು. ಐದು ತಿಂಗಳು ತುಂಬಿದ ದಿನ ಮುತ್ಯಾಲಮ್ಮ ಅವನ ಕ್ಷೌರದ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಾಗ, ಅವಳೂ ಹಾಗೇ ತಿಳಿದಿದ್ದಾಳೆ ಎಂಬುದು ಅವನಿಗೆ ಖಾತ್ರಿಯಾಯಿತು.

ಮೂರು ವಾರ ಕಳೆಯುವಷ್ಟರಲ್ಲಿ ಕೇರಳವೂ ಗುಜರಾತೂ ಮತ್ತೆ ಎದ್ದು ಬಂದವು. ಬೇಸಿಗೆಯಲ್ಲಿ ಮಂಕಿ ಕ್ಯಾಪು ಹಾಕಿಕೊಂಡವನನ್ನು ನೋಡಿ ಬಜಾರು ನಕ್ಕಿತು. ಅವನು ತಕ್ಕಡಿಯನ್ನು ತಮ್ಮ ಮುರುಗೇಶನ ಕೈಗೆ ಕೊಟ್ಟು, ಹಿಂದೆ ಆಲೂಗಡ್ಡೆ ಮೂಟೆಗಳ ನಡುವೆ ಕೂರತೊಡಗಿದ. ರಾತ್ರಿಯೂ ಕ್ಯಾಪು ತೆಗೆಯದೆ ಮಲಗುವ ಗಂಡನನ್ನು ನೋಡಿ ನೋಡಿ ಶಶಿರೇಖಾಗೆ ಸಾಕಾಯಿತು. "ಕತ್ತಿ ಸೋಕಬಾರ್ದು, ಅಷ್ಟೇ ತಾನೆ? ಕತ್ತಿ ಇಲ್ದೇನೇ ತೆಗೀತೀನಿ," ಎಂದಳು. ಒಪ್ಪಿಸಲು ಮೂರು ದಿನ ಹಿಡಿಯಿತು.

ಪಾಕ ಆರಿ ಬೆಚ್ಚಗಾದ ಮೇಲೆ ಧರ್ಮರಾಜು ಬಾಣಲೆ ತಂದು ಮಂಚದ ಪಕ್ಕದಲ್ಲಿಟ್ಟ. ಶಶಿರೇಖಾ ಬೆನ್ನಿಗೆ ಎರಡು ದಿಂಬು ಒತ್ತುಕೊಟ್ಟು ಮಂಚದ ಅಂಚಿಗೆ ಕೂತಳು. ಅವನು ಅವಳ ಕಾಲ ಬಳಿ ನೆಲದ ಮೇಲೆ ಕೂತು ಕ್ಯಾಪು ತೆಗೆದ. ಅವಳು ತಲೆಗೆಲ್ಲ ಪೌಡರು ಸವರಿದಳು.

"ಆ ಡಬ್ಬೀಲಿ ಚಾಕು ಇದೆ, ಕೊಡಿ."

"ಚಾಕು ಯಾಕೆ?"

"ಪಾಕ ಬಳಿಯೋದಕ್ಕೆ. ಮೊಂಡು ಚಾಕು ಕಣ್ರೀ, ಬೆಣ್ಣೆನೂ ಕತ್ತರಿಸಲ್ಲ."

"ಮೊಂಡಾದ್ರೂ ಚಾಕು ಚಾಕೇ," ಎಂದ ಧರ್ಮರಾಜು. "ಬೇಡ ಶಶಿ."

ಅವಳಿಗೆ ನಗು ಬಂದಿತ್ತು. ತಿರುಗಿದ ಅವನ ಮುಖ ನೋಡಿ ನಗಲಿಲ್ಲ. "ಹೋಗಿ ಮರದ ಸೌಟು ತಗೊಂಡ್ಬನ್ನಿ," ಎಂದಳು.

ಪಾಕ ಬಳಿದು, ಹಳೆಯ ಜೀನ್ಸ್ ಪ್ಯಾಂಟಿನಿಂದ ಕತ್ತರಿಸಿದ ಬಟ್ಟೆಪಟ್ಟಿ ಒತ್ತಿ, ಮೂರು ಸಲ ಸವರಿ, ಒಂದೇ ಏಟಿಗೆ ಎಳೆದಳು. ಧರ್ಮರಾಜುವಿನ ಕಣ್ಣ ಮುಂದೆ ನಕ್ಷತ್ರ ಕುಣಿದವು.

"ಇದನ್ನ ಹೆಂಗಸರು ಕೇಳಿ ಮಾಡಿಸ್ಕೊಳ್ತಾರಾ?"

"ಮದುವೆ ಸೀಸನ್‌ನಲ್ಲಿ ಕ್ಯೂ ನಿಲ್ತಾರೆ. ಅಲ್ಲಾಡ್ಬೇಡಿ."

ಬಲಗಡೆ ಪೂರ್ತಿ ಮುಗಿದಿತ್ತು. ಎಡಗಡೆ ಕಿವಿಯ ಮೇಲೆ ಪಾಕ ಬಳಿದಿದ್ದಳಷ್ಟೆ, ಬಾಗಿಲು ತಳ್ಳಿಕೊಂಡು ಮುತ್ಯಾಲಮ್ಮ ಒಳಗೆ ಬಂದಳು.

"ಅಂಜಮ್ಮನ ಮನೆ ಬೀಗ ಹಾಕಿತ್ತು ಕಣೇ ಶಶಿ, ಈ ಬಿಸಿಲಲ್ಲಿ ನಡ್ಕೊಂಡೇ..." ಎನ್ನುತ್ತ ಬಂದವಳ ಮಾತು ಅಲ್ಲಿಗೇ ನಿಂತಿತು. ಧರ್ಮರಾಜು ಗಾಬರಿಯಲ್ಲಿ ಕ್ಯಾಪು ಎಳೆದುಕೊಂಡ. ಅದು ಪಾಕಕ್ಕೆ ಅಂಟಿ ಕಿವಿಯ ಮೇಲೆ ವಾರೆಯಾಗಿ ನಿಂತಿತು.

"ಕತ್ತಿ ಮುಟ್ಟಿಸಿಲ್ಲ ಅತ್ತೆ, ಆಣೆಗೂ," ಎಂದಳು ಶಶಿರೇಖಾ. "ಬರೀ ಸಕ್ಕರೆ ಪಾಕ. ಮೊಂಡು ಚಾಕೂ ಬೇಡ ಅಂದ್ರು ಇವರು."

"ತಪ್ಪಾಯ್ತಮ್ಮ," ಎಂದ ಧರ್ಮರಾಜು. "ಇಲ್ಲಿಗೇ ನಿಲ್ಲಿಸಿಬಿಡ್ತೀನಿ. ಎರಡು ಮಕ್ಕಳನ್ನ ನಾನೇ ತಿಂದ್ಕೊಂಡೆ. ಇದಕ್ಕೂ ಏನಾದ್ರೂ ಆದ್ರೆ..." ಎರಡು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಶಶಿರೇಖಾ ಅವನ ಹೆಗಲ ಮೇಲೆ ಕೈಯಿಟ್ಟಳು.

"ಏನಂದೆ?" ಮುತ್ಯಾಲಮ್ಮ ಕೈಯಲ್ಲಿದ್ದ ಪ್ರಸಾದದ ಪೊಟ್ಟಣವನ್ನು ಮಂಚದ ಮೇಲಿಟ್ಟಳು. "ಯಾರೋ ಹೇಳಿದ್ದು ನಿಂಗೆ ಹಂಗಂತ?"

"ಅಕ್ಕಯಮ್ಮ ಹೇಳ್ದಾಗ ನೀನೂ ಇದ್ಯಲ್ಲ. ನೀನು ಇಲ್ಲ ಅನ್ಲಿಲ್ಲ."

ಮುತ್ಯಾಲಮ್ಮ ಮಗನ ಎದುರಿಗೆ ನೆಲದ ಮೇಲೆ ಕೂತಳು.

"ಅವತ್ತು ನಾನು ಬಾಯಿ ಬಿಟ್ಟಿದ್ರೆ ನಿನ್ನ ತಲೆ ವಿಷಯ ಹೇಳ್ಬೇಕಾಗ್ತಿತ್ತು. ಅದಕ್ಕೇ ಸುಮ್ಮನಾದೆ," ಎಂದಳು. "ನೀನು ಹೊಟ್ಟೇಲಿದ್ದಾಗ ನಂಗೆ ಏಳು ತಿಂಗಳು. ನಿಮ್ಮಪ್ಪ ಸ್ನೇಹಿತರ ಜೊತೆ ತಿರುಪತಿಗೆ ಹೊರಟ್ರು. ಮುಡಿ ಕೊಡಬೇಡಿ, ಹೆರಿಗೆ ಆಗ್ಲಿ, ಆಮೇಲೆ ಎಲ್ಲಾರೂ ಹೋಗಿ ಕೊಡೋಣ ಅಂತ ಬಸ್ ಸ್ಟ್ಯಾಂಡಿನವರೆಗೂ ಹೇಳ್ಕೊಂಡು ಹೋದೆ. ಹೂಂ ಹೂಂ ಅಂದ್ರು. ವಾಪಸ್ ಬಂದಾಗ ನೋಡ್ತೀನಿ, ಕೈಯಲ್ಲಿ ಲಾಡು, ತಲೇಲಿ ಒಂದು ಕೂದಲಿಲ್ಲ. ಎಲ್ಲಾರೂ ಕೊಟ್ರು, ನಾನೊಬ್ಬನೇ ಹೆಂಗೆ ಸುಮ್ನಿರ್ಲಿ ಅಂದ್ರು." ಗಂಡ ಸತ್ತು ಹನ್ನೊಂದು ವರ್ಷವಾಗಿದ್ದರೂ ಅವಳ ದನಿಯಲ್ಲಿ ಸಿಟ್ಟು ಹಾಗೇ ಇತ್ತು. "ಏಳು ವರ್ಷಕ್ಕೆ ನಿನ್ನ ತಲೆ ಹಿಂಗಾಯ್ತು. ಅವತ್ತೇ ಗೊತ್ತಾಯ್ತು ನಂಗೆ, ಇದು ಅದರದ್ದೇ ಫಲ ಅಂತ. ಸಾಯೋವರೆಗೂ ಆ ಮನುಷ್ಯನ್ನ ಅಂದೆ, ಅಂದೆ. ಒಂದು ದಿನಾನೂ ತಿರುಗಿ ಮಾತಾಡ್ಲಿಲ್ಲ. ಕತ್ತಿ ಎತ್ತಿಟ್ಟಿದ್ದು ಅದಕ್ಕೆ ಕಣೋ. ಈ ಮಗೂಗೂ ನಿನ್ನ ತಲೆ ಬರ್ಬಾರ್ದು, ನೀನು ಅಳ್ತಾ ಸ್ಕೂಲಿಂದ ಬರ್ತಿದ್ದ ಹಾಗೆ ಬರ್ಬಾರ್ದು ಅಂತ."

"ಅಷ್ಟೇನಾ?" ಎಂದ ಧರ್ಮರಾಜು.

"ಅಷ್ಟೇನಾ ಅಂದ್ರೆ?"

"ಏಳನೇ ತಿಂಗಳಲ್ಲಿ ಅಪ್ಪ ಬೋಳಿಸ್ಕೊಂಡ್ರು. ಆದ್ರೂ ನಾನು ಉಳ್ಕೊಂಡ್ನಲ್ಲಮ್ಮ."

"ಉಳ್ಕೊಳ್ದೇ ಏನು? ದಿನ ತುಂಬಿದ ಮೇಲೂ ನಾಲ್ಕು ದಿನ ಜಾಸ್ತಿ ಕೂತಿದ್ದೆ ಒಳಗೆ. ಇಷ್ಟು ಗುಂಡಾಗಿರೋ ಕೂಸು ಈ ವಾರ್ಡಲ್ಲೇ ಹುಟ್ಟಿಲ್ಲ ಅಂದ್ಲು ನರ್ಸಮ್ಮ."

ಡಾಕ್ಟರಮ್ಮನ ವಿವರಣೆ ನಾಲ್ಕು ಸಲ ಕೇಳಿಯೂ ಆಗದಿದ್ದದ್ದು ಈ ತಿರುಪತಿಯ ಕಥೆಯಿಂದ ಆಯಿತು. ತರ್ಕ ಮಾಡುವವರಿಗೆ ಇದು ಸರಿ ಕಾಣಲಿಕ್ಕಿಲ್ಲ. ಆದರೆ ಮನೆಯ ನಂಬಿಕೆ ಕಟ್ಟಿದ ಗಂಟು ಮನೆಯವರ ಮಾತಿಗೇ ಬಿಚ್ಚಬೇಕಿತ್ತೇನೋ. ಕತ್ತಿಗೆ ಕೋಪ ಬಂದರೆ ಅದು ತಲೆಯ ಮೇಲೆ ತೀರಿಸಿಕೊಳ್ಳುತ್ತದೆ, ಜೀವ ತೆಗೆಯುವುದಿಲ್ಲ. ಅದಕ್ಕೆ ತಾನೇ ಸಾಕ್ಷಿ, ಮೂವತ್ತಾರು ವರ್ಷದಿಂದ ಉಸಿರಾಡಿಕೊಂಡಿರುವ ಸಾಕ್ಷಿ. ಮಕ್ಕಳನ್ನು ತಾನು ಕೊಂದಿರಲಿಲ್ಲ. ಮೂಟೆ ಇಳಿಸಿದ ಮೇಲೆ ಹೆಗಲು ತಾನಾಗಿ ಮೇಲೇಳುವುದು ಅವನಿಗೆ ದಿನದ ಅನುಭವವೇ. ಈಗ ಆದದ್ದೂ ಹಾಗೆಯೇ. ವಾರೆಯಾಗಿ ಅಂಟಿದ್ದ ಕ್ಯಾಪಿನ ಕೆಳಗೆ ಅವನು ಮುಖ ಮುಚ್ಚಿಕೊಂಡು ಅತ್ತ. ಮುಚ್ಚುಮರೆಯಿಲ್ಲದೆ, ಚಿಕ್ಕ ಹುಡುಗನ ಹಾಗೆ ಅತ್ತ. ಶಶಿರೇಖಾ ತಡೆಯಲಿಲ್ಲ.

"ಅಂದ್ರೆ ಅತ್ತೆ," ಎಂದಳು ಅವಳು, ಸ್ವಲ್ಪ ಹೊತ್ತಾದ ಮೇಲೆ, ತನ್ನ ಕಣ್ಣನ್ನೂ ಒರೆಸಿಕೊಂಡು, "ಮಗು ತಲೆ ಬೋಳಾಗತ್ತೆ ಅನ್ನೋದಷ್ಟೇನಾ ನಿಮ್ಮ ಭಯ?"

ಮುತ್ಯಾಲಮ್ಮ ಹೌದೆಂದು ತಲೆಯಾಡಿಸಿದಳು.

"ಆದ್ರೆ ಆಗ್ಲಿ ಬಿಡಿ. ಇವರು ಪಾಕ ಮಾಡೋದು ಕಲ್ತಾಯ್ತಲ್ಲ."

ನಗಬಾರದೆಂದು ಮುತ್ಯಾಲಮ್ಮ ತುಟಿ ಬಿಗಿಹಿಡಿದಳು. ಆಗಲಿಲ್ಲ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, "ಹುಟ್ಲಿ ತಾಯಿ. ಹುಟ್ಟಿ ಬರ್ಲಿ ಸಾಕು. ಬೇಕಾದ್ರೆ ಬೋಳಾಗೇ ಇರ್ಲಿ," ಎಂದಳು. ಆಮೇಲೆ ಸೊಸೆಯನ್ನು ನೋಡಿ ಗದರಿದಳು. "ಎಷ್ಟು ಹೊತ್ತಿಂದ ಕೂತಿದೀಯಾ ಹಿಂಗೆ? ಡಾಕ್ಟ್ರು ಏನಂದಿದಾರೆ? ಮಲಕ್ಕೋ ಮೊದ್ಲು."

"ಇನ್ನರ್ಧ ತಲೆ ಇದೆ ಅತ್ತೆ."

"ನಂಗೇನು ಕೈಯಿಲ್ವಾ? ಮಲಕ್ಕೊಂಡು ಹೇಳ್ಕೊಡು."

ಅವಳು ಸೊಸೆಯನ್ನು ಎಡಮಗ್ಗುಲಿಗೆ ಮಲಗಿಸಿ, ಮಗನ ತಲೆಯಿಂದ ಕ್ಯಾಪನ್ನು ಮೆಲ್ಲಗೆ ಬಿಡಿಸಿ, ಮರದ ಸೌಟು ಕೈಗೆ ತೆಗೆದುಕೊಂಡಳು. ಚಪಾತಿಗೆ ತುಪ್ಪ ಸವರುವಷ್ಟು ಧಾರಾಳವಾಗಿ ಪಾಕ ಬಳಿದಳು. ಪಟ್ಟಿ ಒತ್ತಿದಳು. ಸರ್ರನೆ ಎಳೆಯಬೇಕೆಂದು ಶಶಿರೇಖಾ ಹೇಳುವಷ್ಟರಲ್ಲಿ, ಮಗನಿಗೆ ನೋವಾಗದಿರಲಿ ಎಂದು, ಬಹಳ ನಿಧಾನವಾಗಿ ಎಳೆಯತೊಡಗಿದಳು.

ಧರ್ಮರಾಜು ಕೂಗಿದ ಕೂಗಿಗೆ ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. ಗೋಡೆಯಾಚೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಏನಾಯ್ತೇ ಮುತ್ಯಾಲಮ್ಮ?" ಅಕ್ಕಯಮ್ಮನ ದನಿ. "ಏನದು ಕೂಗು? ಶಶಿ ಹುಷಾರಾಗಿದಾಳಾ?"

"ಹುಷಾರಾಗಿದಾಳೆ!" ಮುತ್ಯಾಲಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು. "ನನ್ನ ಮಗನ ತಲೆ ನಾನೇ ನುಣ್ಣಗೆ ಮಾಡ್ತಿದೀನಿ!"

ಗೋಡೆಯಾಚೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ಮುತ್ಯಾಲಮ್ಮ ಮಗನ ಗದ್ದ ಹಿಡಿದು ತಲೆಯನ್ನು ಬೆಳಕಿಗೆ ತಿರುಗಿಸಿಕೊಂಡಳು. ಉಳಿದ ಕೂದಲ ಮೇಲೆ ಪೌಡರು ಸವರಿ, ಇನ್ನೊಂದು ಪಟ್ಟಿ ಒತ್ತಿದಳು.

"ಈಗ ಯಾವ ಕಡೆಗೆ ಎಳೀಬೇಕೇ ಶಶಿ, ಹಿಂದಕ್ಕಾ, ಮುಂದಕ್ಕಾ?"